ಬಾವುಟದ ನೂಲು

2022ರ ಆಗಸ್ಟಿನಲ್ಲಿ ಮನೆಮನೆಗೂ ಬಾವುಟವೇರಿಸಬೇಕೆಂಬ ಕರೆ ಬಂದಾಗ ನಾನೂ ರೋಣದ ಪೇಟೆಗೆ ಹೋಗಿ ಒಂದನ್ನು ಕೊಂಡು ತಂದೆ. ಬೆಲೆ ಅಗ್ಗ; ಬಣ್ಣ ಕಣ್ಣು ಕುಕ್ಕುವಂಥದು. ಅವ್ವನ ಕೈಗೆ ಕೊಟ್ಟೆ. ಶಾಲೆಯಲ್ಲಿ ತಕಲಿ ತಿರುವಿ ನೂಲು ತೆಗೆದ ಕೈ ಅದು. ಬಾವುಟದ ಅಂಚನ್ನು ಎರಡು ಬೆರಳ ನಡುವೆ ಒಮ್ಮೆ ಹೊಸೆದು, "ಇದು ಅರಿವಿ ಅಲ್ಲೋ ತಮ್ಮಾ, ಹಾಳಿ" ಅಂದಳು.

ನಾನು ಕನ್ನಡದ ಮಾಸ್ತರ. ಸಂಕೇತಗಳಿಗೆ ಅರ್ಥ ಹೇಳುವುದೇ ನನ್ನ ಹೊಟ್ಟೆಪಾಡು. ಕೇಸರಿಗೆ ತ್ಯಾಗ, ಬಿಳಿಗೆ ಬೆಳಕು, ಹಸಿರಿಗೆ ಮಣ್ಣಿನ ನಂಟು—ಸಂವಿಧಾನ ಸಭೆಯಲ್ಲಿ ರಾಧಾಕೃಷ್ಣನ್ನರು ಕೊಟ್ಟ ಈ ವಿವರಣೆಯನ್ನು ವರ್ಷವರ್ಷವೂ ಹುಡುಗರಿಗೆ ಒಪ್ಪಿಸುತ್ತ ಬಂದವನು. ಬಟ್ಟೆಯನ್ನು ಮುಟ್ಟಿ ನೋಡುವುದು ಮಾತ್ರ ನನಗೆ ಹೊಳೆದಿರಲಿಲ್ಲ.

1931ರ ಕಾಂಗ್ರೆಸ್ ಬಾವುಟದ ನಡುವೆ ಇಡೀ ಚರಕವಿತ್ತು. 1947ರ ಜುಲೈ 22ರಂದು ಸಂವಿಧಾನ ಸಭೆ ರಾಷ್ಟ್ರಧ್ವಜವನ್ನು ಒಪ್ಪಿದಾಗ ಗಾಲಿಯಷ್ಟೇ ಉಳಿಯಿತು. ಅದೂ ಸಾರನಾಥದ ಅಶೋಕಚಕ್ರದ ರೂಪದಲ್ಲಿ, 24 ಅರಗಳೊಡನೆ. ನೆಹರೂ ಅವರು ಹೇಳಿದ ಕಾರಣಗಳಲ್ಲೊಂದು ಬಲು ಲೌಕಿಕವಾದದ್ದು. ಚರಕಕ್ಕೆ ಒಂದು ತುದಿಯಲ್ಲಿ ಗಾಲಿ, ಇನ್ನೊಂದರಲ್ಲಿ ಕದಿರು. ಬಾವುಟದ ಆಚೆ ಬದಿಯಿಂದ ನೋಡಿದರೆ ಚಿತ್ರ ತಿರುವುಮುರುವು. ಚಕ್ರಕ್ಕೆ ಆ ತೊಡಕಿಲ್ಲ. ಯಾವ ಮಗ್ಗುಲಿಂದ ನೋಡಿದರೂ ಚಕ್ರವೇ.

ಚಿತ್ರದಿಂದ ಹೋದ ಚರಕ ಬಟ್ಟೆಯೊಳಗೆ ಉಳಿದಿತ್ತು. ಕೈಯಿಂದ ನೂತು ಕೈಯಿಂದ ನೇಯ್ದ ಖಾದಿಯೇ ಆಗಬೇಕೆಂಬ ಕಟ್ಟಳೆಯಿತ್ತಲ್ಲ! ಆ ಖಾದಿಯೇನೂ ನಮಗೆ ದೂರದ್ದಲ್ಲ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಬಟ್ಟೆ ಹುಬ್ಬಳ್ಳಿಯ ಬೆಂಗೇರಿ ಸೇರುತ್ತದೆ. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ಅದನ್ನು 3:2ರ ಅಳತೆಯ ಧ್ವಜವಾಗಿಸುತ್ತದೆ. ಎರಡೂ ಬದಿಯ ಚಕ್ರಗಳು ಕೂದಲೆಳೆಯಷ್ಟೂ ಸರಿಯದೆ ಒಂದರ ಬೆನ್ನಿಗೊಂದು ಕೂಡಬೇಕು. ರೋಣ-ನರಗುಂದದ ಎರಿ ಹೊಲದ ಹತ್ತಿ, ಗಜೇಂದ್ರಗಡದ ಕೈಮಗ್ಗದ ಸಪ್ಪಳ—ಇವುಗಳ ನಡುವೆ ಬೆಳೆದ ನಮ್ಮವರಿಗೆ ಇಂಥ ಬಾವುಟವನ್ನು ಯಾರೂ ಅರ್ಥ ಮಾಡಿಸಬೇಕಾಗಿರಲಿಲ್ಲ.

2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದ ಬಟ್ಟೆ, ಪಾಲಿಯೆಸ್ಟರುಗಳಿಗೂ ಅಪ್ಪಣೆ ದೊರೆಯಿತು. ಬಡವನ ಮನೆಗೂ ಬಾವುಟ ಬರಬೇಕಾದರೆ ಅಗ್ಗವಾಗಲೇಬೇಕು ಎಂಬ ಮಾತನ್ನು ತೆಗೆದುಹಾಕಲಾರೆ. ಖಾದಿಯ ಬೆಲೆ ಕೇಳಿ ಹಿಂದೆ ಸರಿದವನು ಸಂಬಳದಾರನಾದ ನಾನೇ! ಆದರೂ ಚರಕವು ಬಾವುಟವನ್ನು ಎರಡನೆಯ ಸಲ ಬಿಟ್ಟುಹೋಯಿತೆಂದು ನನಗನಿಸುತ್ತದೆ. ಮೊದಲ ಸಲ ಹೋಗುವಾಗ ತನ್ನ ಗಾಲಿಯನ್ನಾದರೂ ಬಿಟ್ಟು ಹೋಗಿತ್ತು. ನಾನು ತಂದ ಬಾವುಟದಲ್ಲಿ ಆ ಗಾಲಿಯೂ ತತ್ತಿಯಂತೆ ಉದ್ದಕ್ಕೆ ಎಳೆದು, ನಡುವನ್ನು ಬಿಟ್ಟು ಒಂದು ಮಗ್ಗುಲಿಗೆ ಕುಳಿತಿತ್ತು. ಅದನ್ನೇ ಏರಿಸಿದೆವು.

ಮರುವರ್ಷ ತೆಗೆದಾಗ ಹೊಲಿಗೆ ಬಿಚ್ಚಿ ಅಂಚು ಹರಿದಿತ್ತು. ಹರಿದ ಧ್ವಜವನ್ನು ಏಕಾಂತದಲ್ಲಿ, ಗೌರವದಿಂದ, ಇಡಿಯಾಗಿ ಸುಡಬೇಕೆಂದು ನಿಯಮವುಂಟೆಂದು ಅವ್ವನಿಗೆ ಹೇಳಿದೆ. ಅವಳು ಮತ್ತೊಮ್ಮೆ ಅಂಚು ಹೊಸೆದು ನೋಡಿದಳು.

"ಸುಡಾಕೇನ, ಸುಡು. ಆದರ ಇದು ಬೂದಿ ಆಗೂದಿಲ್ಲೋ, ಕರಗಿ ಅಂಟಿಕೊಂಡು ಕೂಡತೈತಿ."

ಬಾವುಟ ಇನ್ನೂ ಟ್ರಂಕಿನಲ್ಲಿದೆ.