ಬೇಸಿಗೆಯಲ್ಲಿ ಹವಳದ ತೊಟ್ಟಿ
ಏಪ್ರಿಲ್ ಬಂತೆಂದರೆ ಮನೆಯಲ್ಲಿ ಹವಳ ಸಾಕುವವರ ಕಣ್ಣೆಲ್ಲ ಥರ್ಮಾಮೀಟರ್ ಮೇಲೆಯೇ. ನೀರು 25–26 ಡಿಗ್ರಿಯಲ್ಲಿದ್ದರೆ ಹವಳ ಹಾಯಾಗಿ ಅರಳಿರುತ್ತದೆ. 30 ದಾಟಿ ಅಲ್ಲೇ ನಿಂತರೆ ಮೊದಲು ಪಾಲಿಪ್‌ಗಳು, ಅಂದರೆ ಹವಳದ ಪುಟ್ಟ ಜೀವಿಗಳು, ಮುದುಡುತ್ತವೆ. ಆಮೇಲೆ ಹವಳ ತನ್ನೊಳಗಿದ್ದು ಆಹಾರ ಒದಗಿಸುವ ಸೂಕ್ಷ್ಮ ಪಾಚಿಯನ್ನೇ ಹೊರಹಾಕಿ ಬಿಳಿಚಿಕೊಳ್ಳುತ್ತದೆ. ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ.

ನೀರಿನ ಮೇಲೆ ಗಾಳಿ ಆಡುವಂತೆ ಪುಟ್ಟ ಫ್ಯಾನ್ ಇಟ್ಟರೆ ಒಂದೆರಡು ಡಿಗ್ರಿ ಇಳಿಯುತ್ತದೆ. ಬೆಂಗಳೂರಿನ ಒಣಹವೆಗೆ ಎಷ್ಟೋ ಸಲ ಇಷ್ಟೇ ಸಾಕು. ಮಂಗಳೂರಿನ ಸೆಕೆಗೆ ನೀರು ತಂಪಾಗಿಸುವ ಚಿಲ್ಲರ್ ಬೇಕಾದೀತು. ಆದರೆ ಫ್ಯಾನ್ ಗಾಳಿಗೆ ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ. ಆವಿಯಾದಷ್ಟನ್ನು ದಿನವೂ ಆರ್‌ಓ ನೀರಿನಿಂದಲೇ ತುಂಬಿ, ಉಪ್ಪುನೀರಿನಿಂದಲ್ಲ. ಲೈಟ್ ಉರಿಸುವ ಹೊತ್ತನ್ನು ಹಗಲಿನಿಂದ ಸಂಜೆ-ರಾತ್ರಿಗೆ ಬದಲಿಸಿ. ಕರೆಂಟ್ ಹೋದಾಗ ಬಳಸಲು ಬ್ಯಾಟರಿ ಏರ್‌ಪಂಪ್ ಕೈಗೆ ಸಿಗುವಂತಿರಲಿ. ಗಾಬರಿಯಿಂದ ಐಸ್ ಸುರಿಯಬೇಡಿ. ದಿಢೀರ್ ಇಳಿತವೂ ಅಷ್ಟೇ ಕೆಟ್ಟದ್ದು.

ಹವಳ ಕೊಳ್ಳುವ ಆಸೆ ಇರುವವರಲ್ಲಿ ಒಂದೇ ವಿನಂತಿ: ಬೇಸಿಗೆಯ ನಡುಮಧ್ಯಾಹ್ನ ನಿಮ್ಮ ಕೋಣೆಯ ಬಿಸಿ ಎಷ್ಟೆಂದು ಮೊದಲು ಅಳೆಯಿರಿ. ಅದನ್ನು ತಡೆಯುವ ಏರ್ಪಾಡು ಆದ ಮೇಲಷ್ಟೇ ಆ ಜೀವವನ್ನು ಮನೆಗೆ ತನ್ನಿ.