ಬ್ರೇಕಿಂಗೊಂದು ಅಳತೆ ರವಕೆ

ಹಪ್ಪಳದ ಗೌಜಿಲಿ ಸುಮಾರು ದಿನಂದ ಎಂತದೂ ಬರವಲೆ ಆಯಿದಿಲ್ಲೆ. ಇಂದು ಬರವದು ಅಡಿಗೆ ಸುದ್ದಿ ಅಲ್ಲ, ಹಳೇ ಬೈಕಿನ ಬ್ರೇಕಿನ ಸುದ್ದಿ. ಇದು ಹೆಮ್ಮಕ್ಕೊಗೆ ಎಂತಕೆ ಹೇಳಿ ಮೋರೆ ತಿರುಗುಸೆಡಿ. ಬೈಕಿನ ಹಿಂದಾಣ ಸೀಟಿಲ್ಲಿ ಚೀಲ ಹಿಡ್ಕೊಂಡು ಕೂಪದು ಹೆಚ್ಚಾಗಿ ನಾವೇ ಅಲ್ಲದೋ?

ಎಂಗಳಲ್ಲಿಪ್ಪದು ಹೀರೋ ಹೋಂಡಾ ಸಿಬಿಝೆಡ್. ಇವು ಮದುವೆಂದ ಮದಲೇ, 2002ರಲ್ಲಿ ತೆಗದ್ದು. ಆ ಬೈಕು 1999ರಲ್ಲಿ ಬಂದದು. ಎದುರಾಣ ಚಕ್ರಲ್ಲಿ ಡಿಸ್ಕ್ ಬ್ರೇಕು ಇಪ್ಪ ಬೈಕು ಎಂಗಳ ಊರಿಲ್ಲಿ ಅಷ್ಟನ್ನಾರ ಆರೂ ಕಂಡಿತ್ತವಿಲ್ಲೆ. "ಚಕ್ರಕ್ಕೆ ದೋಸೆ ಕಾವಲಿ ಎಂತಕೆ ಕಟ್ಟಿದ್ದು?" ಹೇಳಿ ಅತ್ತೆ ಕೇಳಿದ್ದವಡ. ಇವರ ಕಾಲಗೆಂಟು ಬೇನೆ ಜೋರಾದ ಮೇಲೆ ಬೈಕು ಅಡಕ್ಕೆ ಕೊಟ್ಟಗೆಲಿ, ಗೋಣಿಗಳ ಕರೇಲಿ, ಮೂರು ಮಳೆಗಾಲ ನಿಂದತ್ತು.

ಈ ವರ್ಷ ಮಗಳಿಂಗೆ ಪುತ್ತೂರಿಲ್ಲಿ ಕೆಲಸ ಸಿಕ್ಕಿತ್ತು. ಉದಿಯಪ್ಪಗ ಬಸ್ಸಿದ್ದು. ಹೊತ್ತೋಪಗಾಣ ಕಡೇ ಬಸ್ಸು ತಪ್ಪಿರೆ ರಬ್ಬರು ತೋಟದ ನೆಡುಕಾಣ ದಾರಿಲಿ ಒಂದೇ ನೆಡಕ್ಕೊಂಡು ಬರೆಕ್ಕು. ಎರಡು ಸರ್ತಿ ಹಾಂಗೆ ಬಂತು. ಎರಡು ಸರ್ತಿಯೂ ಆನು ಟಾರ್ಚು ಹಿಡ್ಕೊಂಡು ಅರ್ಧ ದಾರಿವರೆಗೆ ಹೋದೆ. ಮೂರನೇ ದಿನ ಅದು ಹೇಳಿತ್ತು, "ಅಬ್ಬೇ, ಅಪ್ಪನ ಬೈಕು ಆನು ಬಿಡ್ತೆ." ಅತ್ತಗೆ ಸಮದಾನ ಇಲ್ಲೆ. "ಕೂಸುಗೊ ಸ್ಕೂಟ್ರು ಬಿಡ್ತವಪ್ಪ, ಆ ಎಮ್ಮೆಯ ಬಿಡ್ತವೋ?" ಹೇಳಿದವು. ಸ್ಕೂಟ್ರು ತೆಗವಲೆ ಪೈಸೆ ಎಲ್ಲಿಂದ? ಕೊಳೆರೋಗ ಬಂದು ಅಡಕ್ಕೆ ಅರ್ಧಕ್ಕರ್ಧ ಉದುರಿದ ವರ್ಷ. ಗುಜರಿಯವಂಗೆ ಕೊಟ್ಟರೆ ಬೈಕಿಂಗೆ ಸಿಕ್ಕುವ ಪೈಸೆಲಿ ಸ್ಕೂಟ್ರಿನ ಚಕ್ರವೂ ಬಾರ.

ಬೈಕಿನ ಜಾಲಿಂಗೆ ತಪ್ಪಲೆ ಹೆರಟರೆ ಎದುರಾಣ ಚಕ್ರ ತಿರುಗುತ್ತೇ ಇಲ್ಲೆ. ಪೇಟೆಯ ಮೆಕ್ಯಾನಿಕು ಮನಗೆ ಬಂದು ಬಿಚ್ಚಿ ನೋಡಿದ°. ಕ್ಯಾಲಿಪರು ಜಾಮ್. ಕ್ಯಾಲಿಪರು ಹೇಳಿರೆ ಆ ಕಾವಲಿಯ ಎರಡು ಹೊಡೆಂದಲೂ ಹಿಡಿವ ಇಕ್ಕುಳ ಹೇಳಿ ಮಡಿಕ್ಕೊಳಿ. ಕೈಲಿ ಲಿವರು ಒತ್ತಿರೆ ಬ್ರೇಕ್ ಆಯಿಲು ಒಳಾಣ ಪಿಸ್ಟನಿನ ನೂಕುತ್ತು, ಪಿಸ್ಟನು ಪ್ಯಾಡಿನ ನೂಕುತ್ತು, ಪ್ಯಾಡು ಡಿಸ್ಕಿನ ಹಿಡಿತ್ತು. ಬಿಟ್ಟಪ್ಪಗ ಪಿಸ್ಟನು ಹಿಂದೆ ಬಪ್ಪದು ಹೇಂಗೆ? ಸ್ಪ್ರಿಂಗಿಕ್ಕು ಹೇಳಿ ಆನು ಗ್ರೇಶಿತ್ತಿದ್ದೆ. ಸ್ಪ್ರಿಂಗೇ ಇಲ್ಲೆ! ಪಿಸ್ಟನಿನ ಸುತ್ತ ಕುಕ್ಕರಿನ ಗ್ಯಾಸ್ಕೆಟ್ಟಿನ ಹಾಂಗಿಪ್ಪ ಒಂದು ಸಣ್ಣ ರಬ್ಬರು ಬಳೆ ಇದ್ದು. ಒತ್ತುವಗ ಅದು ರಜ್ಜ ಓರೆ ಆವುತ್ತು, ಬಿಟ್ಟಪ್ಪಗ ಸರ್ತ ಆಗಿ ಪಿಸ್ಟನಿನ ಕೂದಲೆಳೆಯಷ್ಟು ಹಿಂದೆ ಎಳೆತ್ತು. ಚಕ್ರ ಬಿಡುಸಿಗೊಂಬದು ಅಷ್ಟು ಸಣ್ಣ ಎಳತಂದ.

ಬ್ರೇಕ್ ಆಯಿಲಿಂಗೆ ಗಾಳಿಲಿಪ್ಪ ನೀರಿನ ಹೀರುವ ಗುಣ ಇದ್ದು, ಮಳೆಗಾಲಲ್ಲಿ ಉಪ್ಪಿನ ಭರಣಿ ಚೆಂಡಿ ಆದ ಹಾಂಗೆ. ಹಾಂಗಾಗಿ ಓಡದ್ದರೂ ಅದರ ಎರಡು ವರ್ಷಕ್ಕೊಂದರಿ ಬದಲುಸೆಕ್ಕಡ. ಎಂಗಳ ಬೈಕಿಲ್ಲಿ ಮೂರು ಮಳೆಗಾಲದ ನೀರು ಒಳ ಸೇರಿ ಪಿಸ್ಟನು ತುಕ್ಕು ಹಿಡುದ್ದು, ಅದು ಕೂಪ ಗುಂಡಿಯ ಗೋಡೆಲಿ ಸಿಡುಬಿನ ಕಲೆಯ ಹಾಂಗೆ ಒಟ್ಟೆ ಒಟ್ಟೆ. ಗಾಳಿ ತೆಗವ ನಿಪ್ಪಲು ಬಿಚ್ಚುವಗ ಮುರುದು ಒಳವೇ ಬಾಕಿ ಆತು. ರಬ್ಬರಿನ ಕಿಟ್ಟು ಮಾಂತ್ರ ಹಾಕಿರೆ ಸಾಲ, ಕ್ಯಾಲಿಪರೇ ಬೇಕು.

ಮೆಕ್ಯಾನಿಕು ಒಂದು ಸುಲಾಬದ ದಾರಿ ಹೇಳಿದ°. "ಅಕ್ಕಾ, ಎದುರಿನ ಬ್ರೇಕ್ ತೆಗೆದುಬಿಡುವ. ಹಿಂದಿನದ್ದರಲ್ಲೇ ಓಡಿಸ್ಲಿ, ಜೋರು ಹೋಗದಿದ್ರೆ ಆಯ್ತು."

ಎಂಗಳ ಜಾಲಿಂದ ಮಾರ್ಗಕ್ಕೆ ಇಳಿವ ಚಡವು ಕಂಡವಕ್ಕೆ ಗೊಂತಿಕ್ಕು. ಮುರಕಲ್ಲಿನ ದಾರಿ, ಕೆಳ ತಿರ್ಗಾಸು, ತಿರುಗಿದ ಕೂಡ್ಲೇ ಬಸ್ಸು ಬಪ್ಪ ಮಾರ್ಗ. ಬಸ್ಸಿಲ್ಲಿ ಡ್ರೈವರು ಬ್ರೇಕು ಹಾಕಿರೆ ನಾವೆಲ್ಲ ಎದುರಂಗೆ ಮುಗ್ಗರಿಸುತ್ತಲ್ಲದೋ, ಬೈಕಿಲ್ಲಿಯೂ ಹಾಂಗೇ, ಭಾರ ಪೂರ ಎದುರಾಣ ಚಕ್ರಕ್ಕೆ ಬೀಳ್ತು. ಅಂಬಗ ನಿಂಬಲೆ ಬಲ ಇಪ್ಪದು ಎದುರಾಣದ್ದಕ್ಕೆ. ಹಿಂದಾಣದ್ದು ಬರೀ ಜಾರುಗು. 2019ರ ಎಪ್ರಿಲಿಂದ ಈಚೆ ಮಾರುವ 125 ಸಿಸಿಂದ ಮೇಲಾಣ ಹೊಸ ಬೈಕುಗೊಕ್ಕೆಲ್ಲ ಎಬಿಎಸ್ ಇರಲೇಬೇಕು ಹೇಳಿ ಸರಕಾರದ ನಿಯಮ ಇದ್ದು. ಈ ಹಳತ್ತರಲ್ಲಿ ಅದೆಂತದೂ ಇಲ್ಲೆ. ಇಪ್ಪದೊಂದು ಬ್ರೇಕು, ಅದನ್ನೂ ತೆಗವದೋ? ಎಡಿಯ ಹೇಳಿದೆ.

ಹುಡುಕ್ಕುಲೆ ಸುರು ಮಾಡಿದೆ. ಇವು ಕಾಲು ನೀಡಿ ಕೂದುಗೊಂಡು ಫೋನಿಲ್ಲಿ, ಆನು ಪೇಟೆಲಿ. ಎಲ್ಲಿ ಹೋದರೂ "ಈ ಮೋಡೆಲು ಈಗ ಇಲ್ಲ" ಹೇಳ್ತವು. ಅವರ ದೂರಿ ಗುಣ ಇಲ್ಲೆ, ಇಪ್ಪತ್ತು ವರ್ಷ ಕಳುದ ಸಾಮಾನಿನ ಆರು ಮಡಿಕ್ಕೊಂಗು? ಹೀರೋವೂ ಹೋಂಡಾವೂ 1984ರಲ್ಲಿ ಒಟ್ಟಾದ್ದು, 2010ರ ಅಕೇರಿಗೆ ಬೇರೆ ಅಪ್ಪದು ಹೇಳಿ ನಿಗಂಟು ಮಾಡಿದವು. ಅಣ್ಣತಮ್ಮಂದ್ರು ಹಿಸ್ಸೆ ಆದ ಮನೆಲಿ ಅಜ್ಜನ ಕಾಲದ ಉರುಳಿ ಏವ ಅಟ್ಟಲ್ಲಿದ್ದು ಹೇಳಿ ಕೇಳಿದ ಹಾಂಗೆ ಆತು ಎನ್ನ ಕತೆ.

ಫೋನಿಲ್ಲಿ ಫಟ ನೋಡಿರೆ ಎಲ್ಲ ಕ್ಯಾಲಿಪರುಗಳೂ ಒಂದೇ ಹಾಂಗೆ. "ಎಲ್ಲಾ ಬೈಕಿಗೂ ಆಗ್ತದೆ" ಹೇಳಿ ಒಬ್ಬ°. ಎಲ್ಲೋರಿಂಗೂ ಅಪ್ಪ ರವಕೆ ಎಲ್ಲಿಯಾದರೂ ಇದ್ದೋ? ಬೋಲ್ಟಿನ ಎರಡು ಒಟ್ಟೆಗಳ ನೆಡುಕಾಣ ದೂರ, ಪಿಸ್ಟನಿನ ಅಗಲ, ಡಿಸ್ಕಿನ ಅಗಲ ಮತ್ತೆ ದಪ್ಪ, ಎಲ್ಲ ಸರಿ ಬರೆಕ್ಕು. ಪಿಸ್ಟನು ದೊಡ್ಡ ಆದರೆ ಲಿವರು ತುಂಬ ಒಳಂಗೆ ಬತ್ತು, ಸಣ್ಣ ಆದರೆ ಕಲ್ಲಿನ ಹಾಂಗೆ ಗಟ್ಟಿ ಆವುತ್ತು. ಮೇಗಾಣ ಪಂಪುದೇ ಕೆಳಾಣ ಪಿಸ್ಟನುದೇ ಜೋಡಿ. ಟೈಲರಿಂಗೆ ಹೊಸ ರವಕೆ ಹೊಲಿವಲೆ ಕೊಡುವಗ ನಾವೆಂತ ಮಾಡ್ತು? ಟೇಪು ಹಿಡುದು ಹೇಳ್ತಿಲ್ಲೆ, ಸರೀ ಆವುತ್ತ ಹಳೇ ರವಕೆಯ ಕೊಡ್ತು. ಅಕ್ಕನ ಮಗಳ ಮದುವಗೆ ಬೆಂಗ್ಳೂರಿಂಗೆ ಹೋಪದು ಇತ್ತನ್ನೆ. ಹಳೇ ಕ್ಯಾಲಿಪರಿನ ಸಾಬೂನು ನೀರಿಲ್ಲಿ ತೊಳದು, ಎರಡು ಪ್ಲಾಸ್ಟಿಕಿಲ್ಲಿ ಕಟ್ಟಿ, ಹಲಸಿನ ಹಪ್ಪಳದ ಕಟ್ಟದ ಅಡಿಲಿ ಮಡುಗಿದೆ. ಸೀರೆ ಚೀಲಲ್ಲಿ ಮಡುಗುವಷ್ಟು ಧೈರ್ಯ ಬಂತಿಲ್ಲೆ.

ಮದುವೆ ಕಳುದ ಮರುದಿನ ಅಕ್ಕನ ಮಗನೊಟ್ಟಿಂಗೆ ಜೆ.ಸಿ. ರೋಡಿಂಗೆ ಹೋದೆ. ಟೌನ್ ಹಾಲಿನ ಹತ್ರಂದ ಸುರು ಆವುತ್ತು, ಉದ್ದಕೂ ವಾಹನದ ಸಾಮಾನಿನ ಅಂಗಡಿಗೊ. "ಚಿಕ್ಕಮ್ಮ, ನಿಂಗೊ ಇಲ್ಲಿ ನಿಲ್ಲಿ, ಆನು ಕೇಳಿಕ್ಕಿ ಬತ್ತೆ" ಹೇಳಿದ°. ಆನು ನಿಂಬಲೆ ಬಂದದೋ? ಒಂದು ಅಂಗಡಿಲಿ ಬೇರೆ ಬೈಕಿನ ಹೊಸ ಕ್ಯಾಲಿಪರು ತಂದು ಮಡುಗಿದವು. ಆನು ಚೀಲಂದ ಹಳತ್ತರ ತೆಗದು ಬೆನ್ನಿಂಗೆ ಬೆನ್ನು ಕೊಟ್ಟು ಹಿಡುದೆ. ಒಂದು ಒಟ್ಟೆ ಸರಿ, ಇನ್ನೊಂದು ಉಗುರಿನಷ್ಟು ಆಚೆ. "ಫೈಲ್ ಹಾಕಿ ಸ್ವಲ್ಪ ದೊಡ್ಡ ಮಾಡ್ಸಿ ಅಮ್ಮ, ಕೂತ್ಕೊಳ್ಳತ್ತೆ" ಹೇಳಿದ ಅಂಗಡಿಯವ°. ಕಟ್ಟಿದ ಒಟ್ಟೆಯ ಅಗಲ ಮಾಡಿರೆ ಬೋಲ್ಟು ಆಡುಗು, ಬೋಲ್ಟು ಆಡಿರೆ ಚಡವಿಲ್ಲಿ ಎಂತಕ್ಕು ಹೇಳಿ ಕಣ್ಣಿಂಗೆ ಬಂತು. ಬೆಂಡೋಲೆ ತಿರ್ಪಾಗಿದ್ದರೆ ಸರಿಮಾಡುಸುತ್ತಿತ್ತೆ, ಇದು ಬೇಡ ಹೇಳಿದೆ. ಅವಂಗೆ ಬೇಜಾರಾತು, ಆದರೂ ಪಾಪ, ಶಿವಾಜಿನಗರದ ಗುಜರಿ ಹೊಡೆಲಿ ಕೇಳಿ ನೋಡಿ ಹೇಳಿ ಅವನೇ ದಾರಿ ಹೇಳಿದ್ದು.

ಗುಜರಿ ಅಂಗಡಿಲಿ ಅಟ್ಟಿ ಅಟ್ಟಿ ಹಳೇ ಸಾಮಾನು. ಅಂಗಡಿಯ ಪ್ರಾಯದವು ಎನ್ನ ಕ್ಯಾಲಿಪರಿನ ಕೈಲಿ ಹಿಡುದು, ಎಂತದೂ ಕೇಳದ್ದೆ ಒಳ ಹೋಗಿ ಮೂರು ತಂದವು. ಮೂರೂ ಒಟ್ಟೆಗೆ ಒಟ್ಟೆ ಸರಿ! ಒಂದಕ್ಕೆ ಬಿದ್ದ ಪೆಟ್ಟು, ಕಿವಿ ಬಗ್ಗಿದ್ದು. ಇನ್ನೊಂದರ ಜಾರುವ ಪಿನ್ನು ಅಲುಗುತ್ತಿಲ್ಲೆ. ಮೂರನೇದರ ಪಿಸ್ಟನಿನ ಹೆರ ತೆಗೆಶಿ, ಗುಂಡಿಯ ಒಳ ಉಗುರು ಆಡುಸಿ ನೋಡಿದೆ, ತಟ್ಟಿತ್ತಿಲ್ಲೆ. ನಿಪ್ಪಲು ತಿರುಗಿತ್ತು. ಕ್ರಯ ಮಾತಾಡಿ ತೆಕ್ಕೊಂಡೆ, ಜೆ.ಸಿ. ರೋಡಿಂಗೆ ತಿರುಗಿ ಬಂದು ಹೊಸ ಪಿಸ್ಟನು, ರಬ್ಬರಿನ ಕಿಟ್ಟು, ಪ್ಯಾಡು, ಬ್ರೇಕಿನ ಪೈಪುದೇ ತೆಗದೆ. ಹಳೇ ಪೈಪು ಹೆರಂದ ಕಾಂಬಲೆ ಸರಿ ಇದ್ದರೂ ಒಳ ಬೀಗಿಕ್ಕು ಹೇಳಿದವು. ಕಿಟ್ಟು ಕೊಡುವಗ ಅಂಗಡಿಯವು ಹೇಳಿದ ಒಂದು ಮಾತಿನ ಎಲ್ಲೋರೂ ನೆಂಪು ಮಡಿಕ್ಕೊಳಿ: ಈ ರಬ್ಬರಿಂಗೆ ಪೆಟ್ರೋಲು, ಸೀಮೆಣ್ಣೆ, ಗ್ರೀಸು ಮುಟ್ಟುಸುಲಾಗ, ಬೀಗಿ ಹೋವುತ್ತು. ಬ್ರೇಕ್ ಆಯಿಲನ್ನೇ ಉದ್ದಿ ಕೂರುಸೆಕ್ಕು.

ಮನಗೆ ಬಂದು ಮೆಕ್ಯಾನಿಕಿನ ಪುನಾ ಬರುಸಿದೆ. ಅವನ ಹುಡುಗ° ರಬ್ಬರಿನ ಪೆಟ್ರೋಲಿನ ಡಬ್ಬಿಗೆ ಹಾಕುಲೆ ಹೆರಟಪ್ಪಗ ಆನು ಕೈ ಅಡ್ಡ ಹಿಡುದೆ. ಪೈಪು ಸೇರುವಲ್ಲಿ ತಾಮ್ರದ ವಾಶರು ಹೊಸತ್ತೇ ಹಾಕುಸಿದೆ. ಡಿಸ್ಕು ಎಷ್ಟು ತೆಳು ಆದರೆ ಬದಲುಸೆಕ್ಕು ಹೇಳಿ ಡಿಸ್ಕಿಲ್ಲೇ ಕೆತ್ತಿರ್ತು, ಅಳದು ನೋಡಿರೆ ಇನ್ನೂ ದಪ್ಪ ಇದ್ದತ್ತು. ಆಯಿಲು ಹಾಕಿದ ಮತ್ತೆ ಗಾಳಿ ತೆಗವ ಕೆಲಸ. ಅದಕ್ಕೆ ಎರಡು ಜೆನ ಬೇಕು. ಮಗಳು ಲಿವರು ಹಿಡಿವದು, ಅವ° ಕೆಳ ನಿಪ್ಪಲು ಬಿಡುಸುದು, ಸಪೂರ ನಳಿಗೆಲಿ ಗುಳ್ಳೆ ಬುಳು ಬುಳು ಬಪ್ಪದು, ಅವ° ಬಿಗಿ ಮಾಡಿದ ಮೇಲೆಯೇ ಇದು ಲಿವರು ಬಿಡುದು. "ಹಿಡಿ... ಬಿಡು... ಹಿಡಿ" ಹೇಳಿ ಅರ್ಧ ಗಂಟೆ. ಸುರುವಿಂಗೆ ಮಜ್ಜಿಗೆ ಕಡವ ಹಾಂಗೆ ಸಲೀಸು ಇದ್ದ ಲಿವರು ಒಂದೊಂದೇ ಗುಳ್ಳೆ ಹೋದ ಹಾಂಗೆ ಗಟ್ಟಿ ಆತು. ನೆಡುಕೆ ಎರಡು ಬಿಂದು ಆಯಿಲು ಟೇಂಕಿಯ ಮೇಲೆ ಬಿದ್ದತ್ತು. ಅದು ಪೈಂಟಿನ ಎಬ್ಬುಸುತ್ತು ಹೇಳಿ ಗೊಂತಿತ್ತು, "ನೀರು ನೀರು" ಹೇಳಿ ಬೊಬ್ಬೆ ಹಾಕಿದೆ. ಚೆಂಬು ಹಿಡ್ಕೊಂಡು ಓಡಿ ಬಂದವು ಆರು ಹೇಳಿ ಗ್ರೇಶಿದಿ? ಅತ್ತೆ!

ಹೊಸ ಪ್ಯಾಡು ಸುರುವಿಂಗೆ ಸರಿ ಹಿಡಿತ್ತಿಲ್ಲೆ, ಡಿಸ್ಕಿಂಗೆ ಉಜ್ಜಿ ಕೂರೆಕ್ಕು. ಹಾಂಗಾಗಿ ಒಂದು ವಾರ ಜಾಲಿಲ್ಲಿ, ಮತ್ತೆ ದೇವಸ್ಥಾನದ ಎದುರಾಣ ಸಮ ಜಾಗೆಲಿ, ನಿಧಾನಕ್ಕೆ ಓಡುಸಿ ನಿಲ್ಲುಸಿ ಅಭ್ಯಾಸ ಮಾಡಿತ್ತು ಮಗಳು. ಇವು ಕುರ್ಶಿ ಹಾಕಿ ಕೂದು ಪಾಠ ಹೇಳಿದವು. ಚಕ್ರವ ಕೈಲಿ ತಿರುಗುಸಿ, ಬಿಟ್ಟಪ್ಪಗ ಪ್ಯಾಡು ಬಿಡ್ತೋ ಹೇಳಿ ದಿನಾಗ್ಲೂ ಆನು ನೋಡಿದೆ.

ಮನ್ನೆ ಸೋಮವಾರ ಸುರುವಾಣ ಸರ್ತಿ ಚಡವು ಇಳುದತ್ತು. ಆನು ಮಾರ್ಗದ ಕರೇಲಿ ನಿಂದಿತ್ತಿದ್ದೆ. ತಿರ್ಗಾಸಿಲ್ಲಿ ಬೈಕಿನ ಮೂಗು ರಜ್ಜ ಬಗ್ಗಿತ್ತು, ಜಾರಿತ್ತಿಲ್ಲೆ, ಮಾರ್ಗಂದ ಎರಡು ಮಾರು ಈಚೆ ನಿಂದತ್ತು. ಬಸ್ಸು ದಾಂಟಿ ಹೋದ ಮೇಲೆ ಮಗಳು ಎನ್ನ ಹೊಡೆಂಗೆ ನೋಡಿ ತಲೆ ಆಡುಸಿತ್ತು.

ಅಷ್ಟಪ್ಪಗ ಮೇಗಂದ ಅತ್ತೆಯ ಸ್ವರ: "ಏ ಕೂಸೇ, ಬಪ್ಪಗ ಎರಡು ಕಿಲ ಬೆಲ್ಲ ತಾ! ಬಸ್ಸಿಲ್ಲಿ ತಪ್ಪಲೆ ಭಾರ ಹೇಳಿ ಇಷ್ಟು ದಿನ ಹೇಳಿದ್ದಿಲ್ಲೆ!"