ತಿಳಿನೀರಿನ ವಿಳಾಸ

ಮೂವತ್ತನಾಲ್ಕು ವರ್ಷ ನಾನು ಆರ್.ಎಂ.ಎಸ್.ನಲ್ಲಿ ಸಾರ್ಟರ್ ಆಗಿದ್ದೆ. ಓಡುವ ರೈಲಿನ ಟಪಾಲು ಡಬ್ಬಿಯಲ್ಲಿ ರಾತ್ರಿಯೆಲ್ಲ ನಿಂತು, ಎಡಗೈಯಲ್ಲಿ ಕಾಗದದ ಕಟ್ಟು ಹಿಡಿದು, ಬಲಗೈಯಿಂದ ಒಂದೊಂದನ್ನೇ ಅದರದರ ಗೂಡಿಗೆ ಎಸೆಯುವ ಕೆಲಸ. ಊರಿನ ಹೆಸರು ಓದುವಷ್ಟರಲ್ಲಿ ಕೈ ಗೂಡು ಮುಟ್ಟಿರಬೇಕು. ಕೈ ತಡವರಿಸುತ್ತಿದ್ದದ್ದು ಒಂದೇ ಹೆಸರಿಗೆ: ಹೊಸಹಳ್ಳಿ. ಹೊಸಹಳ್ಳಿ ಇಲ್ಲದ ತಾಲೂಕು ನನ್ನ ಸರ್ವಿಸಿನಲ್ಲಿ ಸಿಕ್ಕಿದ ನೆನಪಿಲ್ಲ. ಬರೆಯುವವರಿಗೆ ಅದರ ಗೊಡವೆಯೇ ಇರುತ್ತಿರಲಿಲ್ಲ. ‘ಮು|| ಪೋ|| ಹೊಸಹಳ್ಳಿ’ ಎಂದು ಬರೆದು ಡಬ್ಬಿಗೆ ಹಾಕಿ ನಿಶ್ಚಿಂತೆಯಿಂದ ಮಲಗುತ್ತಿದ್ದರು. ಅವರ ಮಟ್ಟಿಗೆ ಭೂಮಿಯ ಮೇಲೆ ಇದ್ದದ್ದು ಒಂದೇ ಹೊಸಹಳ್ಳಿ. ಪಿನ್‌ಕೋಡ್ 1972ರ ಆಗಸ್ಟ್ 15ರಂದು ಬಂದಿತ್ತು, ನಾನು ಕೆಲಸಕ್ಕೆ ಸೇರಿದ್ದು ಅದಾದ ಮೂರು ವರ್ಷಕ್ಕೆ. ಆರು ಅಂಕಿ ಬರೆಯಲು ಜನಕ್ಕೆ ಏನು ಧಾಡಿ ಎಂದು ಎಷ್ಟು ರಾತ್ರಿ ಬೈದುಕೊಂಡಿದ್ದೇನೋ ಲೆಕ್ಕವಿಲ್ಲ.

ಆ ಬೈಗುಳವೆಲ್ಲ ಒಂದು ದಿನ ನನಗೇ ತಿರುಗಿ ಬಂತು. ಮಗಳು ಕೆಲಸದ ಮೇಲೆ ಸ್ಲೊವೇನಿಯಾಕ್ಕೆ ಹೋಗಿ ಸಂಸಾರ ಹೂಡಿದ್ದಳು. ಅವಳಿಗೆ ಶೇಂಗಾ ಚಟ್ನಿಪುಡಿ, ಗುರೆಳ್ಳುಪುಡಿ, ಅಗಸಿ ಹಿಂಡಿ ಕಟ್ಟಿ ಪಾರ್ಸೆಲ್ ಮಾಡಿದೆ. ಅವಳು ಕಳಿಸಿದ್ದ ವಿಳಾಸದಲ್ಲಿ ‘2310 ಸ್ಲೊವೆನ್ಸ್ಕಾ ಬಿಸ್ತ್ರಿತ್ಸಾ, ಸ್ಲೊವೇನಿಯಾ’ ಎಂದಿತ್ತು. ದೇಶದ ಹೆಸರು ಎರಡು ಸಲ ಯಾಕೆ ಎನ್ನಿಸಿತು. ಹಳೆಯ ಚಟ, ತಿದ್ದಿಬಿಟ್ಟೆ. ಮೊದಲಿನ ‘ಸ್ಲೊವೆನ್ಸ್ಕಾ’ ಹೊಡೆದು ಹಾಕಿ, 2310 ಮನೆ ನಂಬರೇ ಇರಬೇಕೆಂದು ಹೆಸರಿನ ಪಕ್ಕಕ್ಕೆ ಸರಿಸಿದೆ. ಉಳಿದದ್ದು ಬರೀ ಬಿಸ್ತ್ರಿತ್ಸಾ. ನಾಲ್ಕು ತಿಂಗಳಾದ ಮೇಲೆ ಪೊಟ್ಟಣ ನಮ್ಮ ಬಾಗಿಲಿಗೇ ವಾಪಸು ಬಂತು. ಮೈತುಂಬ ಠಸ್ಸೆ, ಮೂಲೆ ಹರಿದು ಕರಿಬೇವಿನ ವಾಸನೆ.

“ಅಪ್ಪಾ, ನೀವು ಜನ್ಮಾ ಎಲ್ಲಾ ಮಾಡಿದ್ದು ಇದ ಕೆಲಸಾ ಹೌದಿಲ್ಲೋ?” ಎಂದಳು ಮಗಳು ಫೋನಿನಲ್ಲಿ. “ಇಲ್ಲೆ ಬಿಸ್ತ್ರಿತ್ಸಾ ಅಂದ್ರ ನಮ್ಮ ಹೊಸಹಳ್ಳಿ ಇದ್ಧಂಗ.”

ಅಂದು ರಾತ್ರಿ ಮೊಬೈಲಿನ ನಕಾಶೆ ತೆರೆದು ಕೂತವನಿಗೆ ಮಲಗುವ ನೆನಪಾದದ್ದು ಎರಡು ಗಂಟೆಗೆ. ಆ ಪುಟ್ಟ ದೇಶದಲ್ಲೇ ಮಗಳ ಊರು ಒಂದು, ಕ್ರೊವೇಷಿಯಾದ ಕಡೆ ವಾಲಿಕೊಂಡ ಇಲಿರ್ಸ್ಕಾ ಬಿಸ್ತ್ರಿತ್ಸಾ ಇನ್ನೊಂದು (ಅದರ ಅಂಕಿ 6250), ಸೋತ್ಲಾ ಹೊಳೆಯ ಮೇಲಿನ ಬಿಸ್ತ್ರಿತ್ಸಾ ಮತ್ತೊಂದು. ಕ್ರೊವೇಷಿಯಾಕ್ಕೆ ದಾಟಿದರೆ ಮರಿಯಮ್ಮನ ಜಾತ್ರೆಯ ಊರು ಮರಿಯಾ ಬಿಸ್ತ್ರಿತ್ಸಾ. ಸ್ಲೊವಾಕಿಯಾದಲ್ಲಿ ಬಾನ್ಸ್ಕಾ ಬಿಸ್ತ್ರಿತ್ಸಾ, ಅಂದರೆ ಗಣಿಯ ಬಿಸ್ತ್ರಿತ್ಸಾ. ವಾಹ್ ನದಿಯ ದಂಡೆಗೆ ಇನ್ನೂ ಒಂದು. ಚೆಕ್ಕರ ಬಾಯಲ್ಲಿ ಅದು ಬಿಸ್ತ್ರ್‌ಝಿತ್ಸೆ, ಪೋಲಿಷರ ಬಾಯಲ್ಲಿ ಬಿಸ್ಟ್‌ಶಿತ್ಸಾ, ಉಕ್ರೇನಿನಲ್ಲಿ ಬಿಸ್ತ್ರಿತ್ಸ್ಯಾ. ಉಕ್ರೇನಿನ ಇವಾನೊ-ಫ್ರಾಂಕಿವ್‌ಸ್ಕ್ ಪಟ್ಟಣದ ಸಂಗತಿಯಂತೂ ಸಾರ್ಟರನ ತಲೆ ಕೆಡಿಸುವಂಥದ್ದು. ಊರಿನ ಎರಡು ಮಗ್ಗುಲಲ್ಲೂ ಹೊಳೆ, ಎರಡರ ಹೆಸರೂ ಬಿಸ್ತ್ರಿತ್ಸ್ಯಾ. ಮೇಲುಗಡೆ ನದ್ವಿರ್ನಾ ಊರು ಹಾದು ಬಂದದ್ದು ನದ್ವಿರ್ನಾದ್ದು, ಸೊಲೊತ್ವಿನ್ ಹಾದು ಬಂದದ್ದು ಸೊಲೊತ್ವಿನ್‌ನದು. ಊರು ದಾಟಿ ಎರಡೂ ಕೂಡಿದ ಮೇಲೆ ಏನು ಹೆಸರು ಎಂದಿರಾ? ಬಿಸ್ತ್ರಿತ್ಸ್ಯಾ. ಅದು ಹೋಗಿ ದ್ನೀಸ್ಟರ್ ಸೇರುತ್ತದೆ.

ಮಾರನೆಯ ವರ್ಷ ನಾನೇ ಪಾರ್ಸೆಲ್ ಆಗಿ ಅಲ್ಲಿಗೆ ಹೋದೆ. ಒಂದು ಭಾನುವಾರ ಮಗಳು, ಅಳಿಯ, ನಾಲ್ಕು ವರ್ಷದ ಮೊಮ್ಮಗಳು ಎಲ್ಲ ಸೇರಿ ಕಾಮ್ನಿಶ್ಕಾ ಬಿಸ್ತ್ರಿತ್ಸಾದ ಮೂಲಕ್ಕೆ ಕರೆದೊಯ್ದರು. ಇದು ಕಾಮ್ನಿಕ್ ಪಟ್ಟಣದ ಮೇಲಿನ ಆಲ್ಪ್ಸ್ ಬೆಟ್ಟಗಳ ಬುಡದಲ್ಲಿ ಹುಟ್ಟಿ, ಮೂವತ್ತು ಚಿಲ್ಲರೆ ಕಿಲೋಮೀಟರು ಹರಿದು ಸಾವಾ ನದಿಗೆ ಬೀಳುವ ಹೊಳೆ. ನದಿಮೂಲ ಎಂದರೆ ನನ್ನ ಕಣ್ಣಿಗೆ ಕಟ್ಟಿದ್ದು ಗುಡಿ, ಮೆಟ್ಟಿಲು, ಗೋಮುಖ. ಅಲ್ಲಿ ಅದೊಂದೂ ಇಲ್ಲ. ಸುಣ್ಣದ ಬಂಡೆಗಳ ಸಂದಿಯಿಂದ ನೀರು ಸದ್ದಿಲ್ಲದೆ ಉಕ್ಕಿ ಒಂದು ಸಣ್ಣ ಕೊಳವಾಗಿ ನಿಂತಿತ್ತು. ಮೊಣಕಾಲುದ್ದದ ನೀರು ಎಂದುಕೊಂಡು ಅಳಿಯನ ಕೋಲು ಇಳಿಸಿದೆ, ತಳ ಮುಟ್ಟಲಿಲ್ಲ. ಅಷ್ಟು ತಿಳಿ. ತಳದ ಬಿಳಿ ಹರಳುಗಳನ್ನು ಕೂತಲ್ಲೇ ಎಣಿಸಬಹುದಿತ್ತು. ಬೀಚ್ ಮರದ ಎಲೆಯೊಂದು ಮೇಲೆ ತೇಲುತ್ತಿದ್ದರೆ ಅದರ ನೆರಳು ಅದಕ್ಕಿಂತ ದೊಡ್ಡದಾಗಿ ತಳದಲ್ಲಿ ನಡೆಯುತ್ತಿತ್ತು. ಕೈ ಅದ್ದಿದೆ. ಹತ್ತು ಎಣಿಸುವಷ್ಟರಲ್ಲಿ ಬೆರಳು ನನ್ನವಲ್ಲ ಎನ್ನಿಸಿತು. ಕೊಳ ದಾಟಿ ನಾಲ್ಕು ಮಾರು ಹೋದದ್ದೇ ತಡ, ಅಷ್ಟು ಸಾಧುವಾಗಿದ್ದ ನೀರು ಕಲ್ಲಿನ ಮೇಲೆ ಕಲ್ಲು ಹಾರಿ ಓಟ ಕಿತ್ತಿತು.

ಬಿಸ್ತ್ರಿತ್ಸಾ ಎಂಬ ಮಾತಿನ ಅರ್ಥ ಆ ನಾಲ್ಕು ಮಾರಿನೊಳಗೇ ಇದೆ. ಹಳೆಯ ಸ್ಲಾವ್ ನುಡಿಯ ‘ಬಿಸ್ತ್ರ್’ ಅದರ ಬೇರು. ಉತ್ತರಕ್ಕೆ ಹೋದ ರಷ್ಯನ್ನರು ಅದರ ಓಟವನ್ನು ಇಟ್ಟುಕೊಂಡರು: ಅವರಿಗೆ ‘ಬಿಸ್ತ್ರಿ’ ಎಂದರೆ ಬಿರುಸು, ಬೇಗ. ದಕ್ಷಿಣಕ್ಕೆ ಇಳಿದ ಸ್ಲೊವೇನರು, ಸೆರ್ಬರು, ಬಲ್ಗೇರಿಯನ್ನರು ಅದರ ತಿಳಿಯನ್ನು ಇಟ್ಟುಕೊಂಡರು: ಅವರಿಗೆ ‘ಬಿಸ್ತರ್’ ಎಂದರೆ ಕಲಕದ, ತಳ ಕಾಣುವ ನೀರು. ಕೊನೆಗೆ ಸೇರಿರುವ ‘ಇತ್ಸಾ’ ಗುಣವನ್ನು ಹೆಣ್ಣಾಗಿಸಿ ಕರೆಯುವ ಪ್ರತ್ಯಯ. ನಮ್ಮಲ್ಲಾದರೆ ‘ಚುರುಕವ್ವ’ ಎಂದೋ ‘ತಿಳಿಯವ್ವ’ ಎಂದೋ ಕರೆದಂತೆ. ಬೇಸಿಗೆಗೆ ಬತ್ತುವ ಹಳ್ಳಕ್ಕೆ ಇದೇ ಧಾಟಿಯಲ್ಲಿ ‘ಸುಶಿತ್ಸಾ’, ಅಂದರೆ ಒಣಗವ್ವ, ಎಂದಿಟ್ಟಿದ್ದಾರೆ. ಹೆಸರಿಡುವಾಗ ಹೊಳೆಯ ಮುಲಾಜು ನೋಡಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ನಾನು ಈ ಬರಹಕ್ಕೆ ಕೂರುತ್ತಿರಲಿಲ್ಲ. ಕೊಳದ ಪಕ್ಕದಲ್ಲಿ ಮಗಳು ಒಂದು ಮಾತು ಹೇಳಿದಳು. ಅಲ್ಲಿ ಜಾಣ ಮಗುವನ್ನು ‘ಬಿಸ್ತ್ರಾ ಗ್ಲಾವಾ’ ಎನ್ನುತ್ತಾರಂತೆ, ತಿಳಿಯಾದ ತಲೆ ಎಂದು. ಪೋಲೆಂಡಿನಲ್ಲೂ ಚೂಟಿ ಹುಡುಗನಿಗೆ ಇದೇ ಮಾತು. ಓಟಕ್ಕೋ ತಿಳಿಗೋ ಎಂದು ಉತ್ತರ ದಕ್ಷಿಣಗಳು ಹಂಚಿಕೊಂಡ ಮಾತು ಬುದ್ಧಿಯ ವಿಷಯ ಬಂದಾಗ ಎಲ್ಲ ಕಡೆಯೂ ಒಂದೇ. ನಾನು ನೀರಿನಿಂದ ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಳ್ಳುತ್ತ, “ಇದರಾಗೇನೈತಿ, ನಮ್ಮಲ್ಲೂ ಹಂಗ ಅಲ್ಲೇನು?” ಎಂದೆ. ಅಂದ ಮೇಲೆ ನನಗೇ ಬೆರಗಾಯಿತು. ತಿಳಿನೀರು ಎನ್ನುತ್ತೇವೆ, ಕೊಳ ತಿಳಿಯಾಯಿತು ಎನ್ನುತ್ತೇವೆ. ಅದೇ ಬಾಯಿಂದ ‘ಈಗ ತಿಳೀತು’ ಎನ್ನುತ್ತೇವೆ. ಎಪ್ಪತ್ತು ವರ್ಷ ಆಡಿದ ಮಾತಿನ ತಳ ಕಂಡದ್ದು ಪರದೇಶದ ನೀರಿನ ಮುಂದೆ. ಅಷ್ಟೇ ಏಕೆ, ಹೊಳೆ ಎಂದರೆ ನದಿ, ಹೊಳೆಯುವುದು ಎಂದರೆ ಮಿಂಚುವುದು, ತಲೆಗೆ ಏನಾದರೂ ಹೊಳೆಯುವುದೂ ಉಂಟು. ಈ ಹೊಳೆಗಳೆಲ್ಲ ಒಂದೇ ಬೇರಿನವು ಎಂದು ನಾನು ವಾದಿಸುವುದಿಲ್ಲ, ಪಂಡಿತರು ಬಡಿಗೆ ತಗೊಂಡಾರು. ಬಾಯಿಗೆ ಮಾತ್ರ ಒಂದೇ ರುಚಿ.

ಪಂಡಿತರ ಮಾತು ಬಂತಲ್ಲ, ಪ್ಯಾರಿಸ್ಸಿನ ಬಿಸ್ಟ್ರೋ ಹೋಟೆಲುಗಳದೂ ಒಂದು ಕತೆಯಿದೆ. 1814ರಲ್ಲಿ ಪ್ಯಾರಿಸ್ಸಿಗೆ ನುಗ್ಗಿದ ರಷ್ಯದ ಸೈನಿಕರು ಊಟಕ್ಕೆ ಅವಸರ ಮಾಡಿ “ಬಿಸ್ತ್ರ, ಬಿಸ್ತ್ರ” ಎಂದು ಕೂಗುತ್ತಿದ್ದರಂತೆ, ಹೋಟೆಲಿಗೆ ಅದೇ ಹೆಸರಾಯಿತಂತೆ. ಆದರೆ ಆ ಮಾತು ಫ್ರೆಂಚ್ ಬರಹದಲ್ಲಿ ಕಾಣುವುದು ಆ ಶತಮಾನದ ಕೊನೆಯ ಹೊತ್ತಿಗೆ. ಎಪ್ಪತ್ತು ವರ್ಷ ಎಲ್ಲಿ ಅಡಗಿತ್ತು ಎಂದು ಭಾಷಾಶಾಸ್ತ್ರಜ್ಞರು ಕೇಳಿದರೆ ಕತೆ ಹೇಳುವವರು ಕಾಫಿ ತರಿಸುತ್ತಾರೆ.

ಹೆಸರು ಗಡಿ ದಾಟುವಾಗ ವೇಷ ಬದಲಿಸುವುದು ನೋಡಲು ಚಂದ. ಜರ್ಮನ್ ಮಾತಾಡುವವರು ಆಲ್ಪ್ಸ್ ಸೀಮೆಗೆ ಬಂದಾಗ ಅಲ್ಲಿದ್ದ ಸ್ಲಾವರಿಂದ ಈ ಹೆಸರನ್ನು ಎತ್ತಿಕೊಂಡರು. ‘ಬ’ ಹೋಗಿ ‘ಫ’ ಆಯಿತು, ಕಾಲ ಕಳೆದಂತೆ ಅವರ ಈಕಾರ ಐಕಾರವಾಯಿತು, ಬಿಸ್ತ್ರಿತ್ಸಾ ಎಂಬ ಹುಡುಗಿ ಫೈಸ್ಟ್ರಿಟ್ಸ್ ಎಂಬ ಹೆಂಗಸಾದಳು. ನಾವೇನು ಕಡಿಮೆ? ಪಳ್ಳಿಯನ್ನು ಹಳ್ಳಿ ಮಾಡಿದವರು. ಆಸ್ಟ್ರಿಯಾದ ದಕ್ಷಿಣಕ್ಕೆ ಹೋದರೆ ಫೈಸ್ಟ್ರಿಟ್ಸ್‌ಗಳ ಸಂತೆ. ಮಗಳ ಊರನ್ನೂ ಜರ್ಮನ್ನರು ‘ವಿಂಡಿಷ್ ಫೈಸ್ಟ್ರಿಟ್ಸ್’ ಎನ್ನುತ್ತಿದ್ದರು, ಸ್ಲೊವೇನರ ಫೈಸ್ಟ್ರಿಟ್ಸ್ ಎಂದು. ನಾನು ಹೊಡೆದು ಹಾಕಿದ ‘ಸ್ಲೊವೆನ್ಸ್ಕಾ’ದ ಬೆಲೆ ಆಗ ತಿಳಿಯಿತು.

ಈ ವೇಷಾಂತರದ ಜೊತೆಗೆ ಜಗಳವೂ ಬಂದಿದೆ. ಆಸ್ಟ್ರಿಯಾದ ಕ್ಯಾರಿಂಥಿಯಾ ಪ್ರಾಂತದಲ್ಲಿ ಸ್ಲೊವೇನರೂ ಇದ್ದಾರೆ. ಅಲ್ಲಿನ ಊರುಗಳಿಗೆ ಎರಡೂ ನುಡಿಯಲ್ಲಿ ಫಲಕ ಹಾಕಿದ್ದೇ 1972ರಲ್ಲಿ ಗುಂಪುಗಳು ಬಂದು ಅವನ್ನು ಕಿತ್ತೊಗೆದವು. ನಮ್ಮಲ್ಲಿ ಊರೂರಿಗೆ ಅಂಕಿ ಕೊಟ್ಟ ಅದೇ ವರ್ಷ. ನಲವತ್ತು ವರ್ಷಕ್ಕೆ ಒಂದು ಕಮ್ಮಿ, 2011ರಲ್ಲಿ 164 ಊರುಗಳಿಗೆ ಜೋಡಿ ಫಲಕ ಇರಲಿ ಎಂದು ಇತ್ಯರ್ಥವಾಯಿತು. ಕೊಸೊವೊದಲ್ಲಿ ಸಂಗತಿ ಬೇರೆ. ಪ್ರಿಜ್ರೆನ್, ಪೆಚ್, ದೆಚಾನಿ ಮೂರೂ ಊರಿನ ಹೊಳೆಗಳು ಸೆರ್ಬರಿಗೆ ಬಿಸ್ತ್ರಿತ್ಸಾ. ಅದೇ ಮೂರೂ ಅಲ್ಬೇನಿಯನ್ ಮಾತಾಡುವವರಿಗೆ ಲುಂಬಾರ್ಧಿ, ಅಂದರೆ ಬಿಳಿಹೊಳೆ. ಒಂದೇ ಸೇತುವೆಯ ಮೇಲೆ ನಿಂತು ಒಬ್ಬ ತಿಳಿಹೊಳೆ ಎಂದ, ಇನ್ನೊಬ್ಬ ಬಿಳಿಹೊಳೆ ಎಂದ. ನೀರನ್ನು ನೋಡಿದ ಕಣ್ಣು ಇಬ್ಬರದೂ ಸರಿಯಾಗೇ ಇದೆ.

ಸ್ಲಾವರು ಒಂದು ಕಾಲಕ್ಕೆ ಎಲ್ಲೆಲ್ಲಿ ನೀರು ಕುಡಿದಿದ್ದರು ಎಂಬುದಕ್ಕೂ ಈ ಹೆಸರೇ ಸಾಕ್ಷಿ. ಗ್ರೀಸಿನೊಳಗೇ ಹುಟ್ಟಿ ಅಲ್ಲೇ ಕಡಲು ಸೇರುವ ನದಿಗಳಲ್ಲಿ ಎಲ್ಲಕ್ಕಿಂತ ಉದ್ದನೆಯದು ಅಲಿಯಾಕ್ಮೋನ್. ಅದಕ್ಕೂ ಸ್ಲಾವರ ಬಾಯಲ್ಲಿ ಬಿಸ್ತ್ರಿತ್ಸಾ ಎಂದೇ ಹೆಸರು. ರುಮೇನಿಯಾದವರು ಆಡುವುದು ಲ್ಯಾಟಿನ್ ಕುಲದ ನುಡಿ, ಆದರೂ ಬಿಸ್ತ್ರಿತ್ಸಾ ಎಂಬ ನದಿಯೂ ಉಂಟು, ಪಟ್ಟಣವೂ ಉಂಟು. ನದಿಯಲ್ಲಿ ಹಿಂದೆ ಕಾಡಿನ ದಿಮ್ಮಿಗಳನ್ನು ತೆಪ್ಪ ಕಟ್ಟಿ, ಅದರ ಮೇಲೇ ನಿಂತು ಪ್ರವಾಹಕ್ಕೆ ಬಿಡುತ್ತಿದ್ದರು. 1960ರಲ್ಲಿ ಬಿಕಾಜ್ ಎಂಬಲ್ಲಿ 127 ಮೀಟರಿನ ಅಣೆಕಟ್ಟು ಎದ್ದು ಆ ತೆಪ್ಪಗಾರರ ಕಾಲ ಮುಗಿಯಿತು. ಪಟ್ಟಣವನ್ನು ಜಗತ್ತು ಬಲ್ಲದ್ದು 1897ರ ಡ್ರಾಕುಲಾ ಕಾದಂಬರಿಯಿಂದ. ನಾಯಕ ರಕ್ತಪಿಪಾಸುವಿನ ಕೋಟೆಗೆ ಹೋಗುವ ಮುಂಚೆ ತಂಗುವ ಊರು ಅದು. ಕಾದಂಬರಿಯಲ್ಲಿದ್ದ ಹೋಟೆಲಿನ ಹೆಸರನ್ನು ಆಮೇಲೆ ನಿಜವಾಗಿಯೇ ಒಂದು ಹೋಟೆಲಿಗೆ ಇಟ್ಟಿದ್ದಾರೆ. ವ್ಯಾಪಾರ! ನನಗೆ ಇದಕ್ಕಿಂತ ಇಷ್ಟವಾದದ್ದು ಬಲ್ಗೇರಿಯಾದ ಸೋಫಿಯಾ ಪಕ್ಕದ ಬಿಸ್ತ್ರಿತ್ಸಾ ಹಳ್ಳಿ. ಅಲ್ಲಿನ ಅಜ್ಜಿಯರು ಒಬ್ಬರ ನಡುಪಟ್ಟಿ ಒಬ್ಬರು ಹಿಡಿದು, ಒಬ್ಬರು ಹಾಡಿದರೆ ಉಳಿದವರು ನಮ್ಮ ತಂಬೂರಿಯ ಹಾಗೆ ಶ್ರುತಿ ಹಿಡಿದು ಹಾಡುತ್ತಾರೆ. ಯುನೆಸ್ಕೊ 2005ರಲ್ಲಿ ಅದನ್ನು ಮಾನವಕುಲದ ಆಸ್ತಿ ಎಂದು ಸಾರಿತು.

ಆದರೆ ನಮ್ಮ ದೇಶದ ವಿಳಾಸ ಹೊತ್ತ ಬಿಸ್ತ್ರಿತ್ಸಾ ಬೇರೆಯೇ ಇದೆ, ಆ ಗಣಿಯದು. ಬಾನ್ಸ್ಕಾ ಬಿಸ್ತ್ರಿತ್ಸಾ ನಿಂತಿರುವುದು ಹ್ರೋನ್ ಎಂಬ ದೊಡ್ಡ ನದಿಯ ಮೇಲೆ. ಹೆಸರು ಮಾತ್ರ ಅಲ್ಲಿ ಬಂದು ಬೀಳುವ ಸಣ್ಣ ಹಳ್ಳದ್ದು. ಮನೆ ಮುಂದಿನ ಹಳ್ಳವನ್ನು ಬಿಟ್ಟು ದೂರದ ದೊಡ್ಡಸ್ತಿಕೆಗೆ ಜೋತುಬೀಳಲಿಲ್ಲವಲ್ಲ, ಆ ಜನ ನನಗೆ ಹಿಡಿಸಿದರು. ಅಲ್ಲಿ ತಾಮ್ರ ಸಿಗುತ್ತಿತ್ತು. 15ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಸಾಹುಕಾರ ಫುಗ್ಗರ್ ಮನೆತನ ಅಲ್ಲಿ ಕೈಯಿಟ್ಟಿತು. ಫುಗ್ಗರರ ತಾಮ್ರವನ್ನು ಪೋರ್ಚುಗೀಸರು ಕೊಂಡು, ನಮ್ಮ ಕಡೆ ತಂದು, ಮೆಣಸು ಕೊಳ್ಳುತ್ತಿದ್ದರು. 1533ರಲ್ಲಿ ಲಿಸ್ಬನ್‌ನಿಂದ ಭಾರತಕ್ಕೆ ಹೊರಟ ಒಂದು ಹಡಗು ಆಫ್ರಿಕಾದ ಕರಾವಳಿಯಲ್ಲಿ ಒಡೆಯಿತು. ಅದರದೇ ಅವಶೇಷ ಎನ್ನಲಾದದ್ದು 2008ರಲ್ಲಿ ನಮೀಬಿಯಾದ ವಜ್ರದ ಗಣಿಯವರಿಗೆ ಮರಳಿನಡಿ ಸಿಕ್ಕಿತು. ಒಳಗೆ ಚಿನ್ನದ ನಾಣ್ಯ, ಆನೆದಂತ, ಸಾವಿರಕ್ಕೂ ಮೀರಿ ತಾಮ್ರದ ಗಟ್ಟಿಗಳು. ಅಂಬಲಿ ಬಟ್ಟಲನ್ನು ಬೋರಲು ಹಾಕಿದಂಥ ಆ ಗಟ್ಟಿಗಳ ಮೇಲೆ ಒತ್ತಿದ್ದ ಗುರುತು ತ್ರಿಶೂಲ. ಫುಗ್ಗರರ ಮುದ್ರೆ ಅದೇ. ಆ ತಾಮ್ರ ಸ್ಲೊವಾಕಿಯಾದ ಬೆಟ್ಟಗಳದು ಎಂದು ಪರೀಕ್ಷೆ ಮಾಡಿದವರು ಹೇಳಿದ್ದಾರೆ. ನಮ್ಮ ಯಾವ ಪೇಟೆಯ ಕಂಚುಗಾರನ ಅಂಗಡಿಯಲ್ಲಿ ಹಂಡೆಯಾಗಬೇಕಿತ್ತೋ, ತ್ರಿಶೂಲ ಹೊತ್ತುಕೊಂಡೇ ಕಾಶಿಗೆ ಬರಬೇಕಿತ್ತೋ! ವಿಳಾಸ ಮುಟ್ಟದ ಆ ಪಾರ್ಸೆಲ್ ಮತ್ತೆ ಬೆಳಕು ಕಂಡದ್ದು 475 ವರ್ಷಕ್ಕೆ. ನನ್ನ ಚಟ್ನಿಪುಡಿ ನಾಲ್ಕೇ ತಿಂಗಳಿಗೆ ಬಂದಿತ್ತು ಎಂದು ಮಗಳಿಗೆ ಹೇಳಿ ಮಾನ ಉಳಿಸಿಕೊಂಡೆ.

ಕಾಮ್ನಿಕ್‌ನಿಂದ ಹಿಂತಿರುಗುವ ಮುಂಚೆ ಒಬ್ಬ ಮುದುಕಿ ಬಾಟಲಿಗೆ ನೀರು ತುಂಬಿಕೊಳ್ಳಲು ಕೊಳಕ್ಕೆ ಬಂದಳು. ಈ ಹೊಳೆಯ ಹೆಸರೇನು ಎಂದು ಅವಳನ್ನು ಕೇಳು ಎಂದೆ ಮಗಳಿಗೆ. ಕಾಮ್ನಿಶ್ಕಾ ಎನ್ನುತ್ತಾಳೋ ಇಲ್ಲವೋ, ಅದು ನನ್ನ ಪರೀಕ್ಷೆ. ಮುದುಕಿ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಇದೂ ಒಂದು ಪ್ರಶ್ನೆಯೇ ಎಂಬಂತೆ “ಬಿಸ್ತ್ರಿತ್ಸಾ” ಎಂದಳು. ಊರಿನ ಹೆಸರು ಅಂಟಿಸುವುದು ನಕಾಶೆಯವರ, ರೈಲಿನವರ, ಟಪಾಲಿನವರ ಕೆಲಸ. ವರದೆಯ ದಂಡೆಯಲ್ಲಿ ಹುಟ್ಟಿದ ನಾನು ವರದಾ ಎಂಬ ಹೆಸರು ಕೇಳಿದ್ದು ಸಾಲಿಗೆ ಹೋದ ಮೇಲೆ. ನಮ್ಮವ್ವ ಕೊಡ ಎತ್ತಿಕೊಂಡು ಹೋಗುತ್ತಿದ್ದದ್ದು ‘ಹೊಳಿ’ಗೆ. ಮು|| ಪೋ|| ಹೊಸಹಳ್ಳಿ ಎಂದಷ್ಟೇ ಬರೆದವರನ್ನು ಅಷ್ಟು ಬೈಯಬಾರದಿತ್ತು.

ಮಗಳ ಊರಿನೊಳಗೂ ಬಿಸ್ತ್ರಿತ್ಸಾ ಎಂಬ ಪುಟ್ಟ ಹೊಳೆ ಹರಿಯುತ್ತದೆ. ದಿನಾ ಸಂಜೆ ಮೊಮ್ಮಗಳು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. “ಅಜ್ಜಾ, ಹೊಳಿಗೆ ಹೋಗೂಣು ನಡಿ.” ಕಲ್ಲು ಎಸೆದು, ಬಾತುಕೋಳಿ ಎಣಿಸಿ, ಕತ್ತಲಾಗುವ ಮುಂಚೆ ಬರುತ್ತಿದ್ದೆವು. ಆ ಹೊಳೆಗೆ ಇನ್ನೊಂದು ಹೆಸರಿದೆ ಎಂದು ಅವಳಿಗೆ ನಾನು ಹೇಳಲಿಲ್ಲ.

ಊರಿಗೆ ಬಂದ ವಾರದಲ್ಲೇ ಇನ್ನೊಂದು ಪಾರ್ಸೆಲ್ ಕಟ್ಟಿದೆ. ಮಗಳ ವಿಳಾಸವನ್ನು ಒಂದಕ್ಷರವೂ ತಿದ್ದದೆ ಇಳಿಸಿಕೊಂಡೆ. 2310 ಮಾತ್ರ ಎರಡು ಸಲ ಬರೆದೆ, ಮೇಲೊಂದು, ಕೆಳಗೊಂದು.